ಮಗಳಿಗೆ ಕಂಪ್ಯೂಟರ್ ಸೈನ್ಸ್ ಆಗಿಬರುವುದಿಲ್ಲವೇ?

ಪ್ರಶ್ನೆ: ಮೇಡಂ, ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮಗಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು. ಗಣಿತದಲ್ಲಿ ಯಾವಾಗಲೂ ಮುಂದು. ಡಾಕ್ಟರ್ ಆಗಲಿ ಎಂಬ ಆಸೆಯಿಂದ ಪಿಯುಸಿಯಲ್ಲಿ ಪಿಸಿಎಂಬಿ ಕೊಡಿಸಿದೆವು. ಮೆಡಿಕಲ್ ಸೀಟು ಸಿಗಲಿಲ್ಲ. ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕ್ ಬಂದಿದ್ದರಿಂದ ಇಂಜಿನಿಯರಿಂಗ್ ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿದೆವು. ಈಗ ಎರಡನೇ ಸೆಮಿಸ್ಟರ್. ಮೊದಲ ಸೆಮಿಸ್ಟರ್‌ನಲ್ಲಿ ಉಳಿದ ವಿಷಯಗಳಿಗೆಲ್ಲ ಚೆನ್ನಾಗಿ ಅಂಕ ಬಂದಿವೆ, ಸಿ ಪ್ರೋಗ್ರಾಮಿಂಗ್ ಮಾತ್ರ ಹೇಗೋ ಪಾಸಾಗಿದೆ. ಪ್ರತಿ ಸಲ ಫೋನ್ ಮಾಡಿದಾಗಲೂ ಅಳುತ್ತಾಳೆ. ‘ಹುಡುಗರಿಗೆ ಎಲ್ಲ ಮೊದಲೇ ಬರುತ್ತದೆ. ಲ್ಯಾಬ್‌ನಲ್ಲಿ ಅವರು ಪ್ರೋಗ್ರಾಮ್ ಮಾಡುತ್ತಾರೆ, ನಾನು ರೆಕಾರ್ಡ್ ಬರೆಯುತ್ತೇನೆ. ನನಗಿದು ಆಗಿಬರುವುದಿಲ್ಲ ಅಮ್ಮ’ ಎನ್ನುತ್ತಾಳೆ. ನನ್ನ ನಾದಿನಿ ಬಿ.ಎಸ್ಸಿ, ಬಿ.ಎಡ್ ಮಾಡಿಸಿ, ಹೆಣ್ಣುಮಕ್ಕಳಿಗೆ ಅದೇ ಸುರಕ್ಷಿತ ಎನ್ನುತ್ತಾಳೆ. ಮೈದುನನು ಎಐ ಬಂದ ಮೇಲೆ ಈ ಕೆಲಸಗಳೇ ಇರುವುದಿಲ್ಲ ಎನ್ನುತ್ತಾನೆ. ಸಾಲ ಮಾಡಿ ಲ್ಯಾಪ್‌ಟಾಪ್ ಕೊಂಡಿದ್ದೇವೆ. ಹಾಸ್ಟೆಲ್‌ನಲ್ಲಿ ಕಳುವಾದೀತು ಎಂದು ಮನೆಯಲ್ಲೇ ಇಟ್ಟಿದ್ದೇವೆ, ಸದ್ಯಕ್ಕೆ ನನ್ನ ಮಗ ಬಳಸುತ್ತಿದ್ದಾನೆ. ಅವಳ ಬ್ರಾಂಚ್ ಬದಲಿಸಬೇಕೇ? ಬಿಡಿಸಿಯೇಬಿಡಬೇಕೇ? ನಮ್ಮಿಂದಲೇ ತಪ್ಪಾಯಿತೇ? — ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಇಪ್ಪತ್ತೇಳು ವರ್ಷಗಳಿಂದ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ಮೊದಲ ಇಂಟರ್ನಲ್ಸ್ ಮುಗಿದ ವಾರ ನನ್ನ ಕೋಣೆಯ ಬಾಗಿಲಲ್ಲಿ ಒಬ್ಬಳಾದರೂ ಹುಡುಗಿ ಬಂದು ನಿಲ್ಲುತ್ತಾಳೆ, ನಿಮ್ಮ ಮಗಳ ಮಾತನ್ನೇ ಹೇಳುತ್ತಾಳೆ. ಆದ್ದರಿಂದ ಮೊದಲಿಗೆ ಇಷ್ಟು ಹೇಳುತ್ತೇನೆ: ಈಗಲೇ ಬಿಡಿಸಬೇಡಿ. ಅವಳ ಬುದ್ಧಿಯಲ್ಲಿ ಕೊರತೆ ಇದೆ ಎನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಒಂದೇ ಒಂದು ಸಾಕ್ಷಿಯೂ ನನಗೆ ಕಾಣಲಿಲ್ಲ. ಅವಳಿಗೆ ಅಭ್ಯಾಸ ಸಿಕ್ಕಿಲ್ಲ ಎನ್ನುವುದಕ್ಕೆ ಮಾತ್ರ ಮೂರು ಸಾಕ್ಷಿಗಳಿವೆ. ಅವಳು ಪಿಸಿಎಂಬಿ ಓದಿ ಬಂದವಳು, ಲ್ಯಾಬ್‌ನಲ್ಲಿ ಅವಳ ಕೈಯಲ್ಲಿರುವುದು ಪೆನ್ನು, ಲ್ಯಾಪ್‌ಟಾಪ್ ಇರುವುದು ಅವಳ ಅಣ್ಣನೋ ತಮ್ಮನೋ ಬಳಿ.

ನೀವು ಕೇಳುತ್ತಿರುವುದು ಬ್ರಾಂಚಿನ ಬಗ್ಗೆ. ಅದರ ಹಿಂದೆ ಇರುವ ಭಯ ಬೇರೆ ಎಂದು ನನಗನ್ನಿಸುತ್ತದೆ: ಈ ವಿದ್ಯೆ ಕೆಲವರಿಗೆ ಹುಟ್ಟಿನಿಂದ ಬರುತ್ತದೆಯೋ ಏನೋ, ನನ್ನ ಮಗಳು ಆ ಗುಂಪಿನವಳಲ್ಲವೋ ಏನೋ ಎಂಬ ಭಯ. ಅದನ್ನೇ ಮೊದಲು ನೋಡೋಣ.

‘ಹುಡುಗರಿಗೆ ಮೊದಲೇ ಬರುತ್ತದೆ’ ಎಂದು ಮಗಳು ಹೇಳಿದ್ದು ಸುಳ್ಳಲ್ಲ. ಅವಳ ತರಗತಿಯಲ್ಲಿ ಪಿಯುಸಿಯಲ್ಲಿ ಪಿಸಿಎಂಸಿ, ಅಂದರೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಇರುತ್ತಾರೆ. ಅವರು ಎರಡು ವರ್ಷ ಪ್ರೋಗ್ರಾಮ್ ಬರೆದು ಬಂದವರು. ನಗರದ ಶಾಲೆಗಳಿಂದ ಬಂದ ಕೆಲವರು ಎಂಟನೇ ತರಗತಿಯಿಂದಲೇ ಬರೆದಿರುತ್ತಾರೆ. ಮೆಡಿಕಲ್‌ಗೆ ಒಂದು ದಾರಿ ಇರಲಿ ಎಂದು ಹೆಣ್ಣುಮಕ್ಕಳಿಗೆ ಪಿಸಿಎಂಬಿ ಕೊಡಿಸುವುದು ನಮ್ಮ ಊರುಗಳಲ್ಲಿ ಬಹಳ ಕಾಣುತ್ತದೆ. ಅದು ತಪ್ಪಲ್ಲ. ಆದರೆ ಆ ಹುಡುಗಿ ಕಂಪ್ಯೂಟರ್ ಸೈನ್ಸ್‌ಗೆ ಬಂದಾಗ ಎರಡು ವರ್ಷ ತಡವಾಗಿ ಓಟಕ್ಕೆ ನಿಂತಂತಾಗುತ್ತದೆ, ಮತ್ತು ಹಾಗೆಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಪಕ್ಕದವನು ಹತ್ತು ನಿಮಿಷದಲ್ಲಿ ಮುಗಿಸಿದ್ದನ್ನು ನೋಡಿ ಅದನ್ನು ಪ್ರತಿಭೆ ಎಂದುಕೊಳ್ಳುತ್ತಾಳೆ. ಅವನು ಅದೇ ಲೆಕ್ಕವನ್ನು ಹಿಂದೆ ಇಪ್ಪತ್ತು ಸಲ ಮಾಡಿದ್ದಾನೆ ಎಂಬುದು ಅವಳಿಗೆ ಕಾಣುವುದಿಲ್ಲ.

ಈ ಅಂತರ ಕೊನೆಯವರೆಗೂ ಉಳಿಯುತ್ತದೆಯೇ? ಇದಕ್ಕೆ ಚೆನ್ನಾಗಿ ಪರೀಕ್ಷಿಸಿದ ಉತ್ತರವಿದೆ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಿದವರಲ್ಲಿ ಹುಡುಗಿಯರು ಕೇವಲ ಶೇ. 7ರಷ್ಟು. ಜೇನ್ ಮಾರ್ಗೊಲಿಸ್ ಎಂಬ ಸಂಶೋಧಕಿಯೂ ಅಲನ್ ಫಿಶರ್ ಎಂಬ ಪ್ರಾಧ್ಯಾಪಕರೂ ಕೂಡಿ ಅಲ್ಲಿನ ವಿದ್ಯಾರ್ಥಿಗಳೊಂದಿಗೆ ವರ್ಷಗಟ್ಟಲೆ ಮಾತನಾಡಿದರು. ಪ್ರವೇಶದ ವೇಳೆ ಮೊದಲಿನ ಪ್ರೋಗ್ರಾಮಿಂಗ್ ಅನುಭವಕ್ಕೆ ಕೊಡುತ್ತಿದ್ದ ತೂಕ ಕಡಿಮೆಯಾಯಿತು. ಕಲಿತು ಬಂದವರಿಗೂ ಹೊಸಬರಿಗೂ ಆರಂಭದ ತರಗತಿಗಳು ಬೇರೆ ಬೇರೆಯಾದವು. 2000ರ ಹೊತ್ತಿಗೆ ಹುಡುಗಿಯರ ಪಾಲು ಶೇ. 42ಕ್ಕೆ ಏರಿತು. ಮೊದಲೇ ಕಲಿತು ಬಂದಿರುವುದು ಮುಂದಿನ ಯಶಸ್ಸನ್ನು ನಿರ್ಧರಿಸಲಿಲ್ಲ ಎಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತು.

ಅದೇ ಅಧ್ಯಯನದ ಇನ್ನೊಂದು ವಿಷಯವನ್ನು ನಿಮಗೆ ಹೇಳಲೇಬೇಕು. ಆ ವಿದ್ಯಾರ್ಥಿಗಳ ಮನೆಗಳಲ್ಲಿ ಕಂಪ್ಯೂಟರ್ ಎಲ್ಲಿತ್ತು ಎಂದು ಕೇಳಿದಾಗ, ಎಲ್ಲರಿಗೂ ಎಂದು ತಂದ ಯಂತ್ರ ಬಹಳ ಮನೆಗಳಲ್ಲಿ ಮಗನ ಕೋಣೆ ಸೇರಿತ್ತು. ಹಾಗೆ ಮಾಡಿದವರು ಮಗಳನ್ನು ಕಡೆಗಣಿಸುವ ತಂದೆತಾಯಿಗಳಲ್ಲ. ಯಾರೂ ಕೂತು ತೀರ್ಮಾನ ಮಾಡಿದ್ದೂ ಅಲ್ಲ. ಅದು ತಾನಾಗಿಯೇ ಹಾಗಾಗಿತ್ತು. ನಿಮ್ಮ ಪತ್ರದ ಕೊನೆಯ ಸಾಲುಗಳನ್ನು ಓದಿದಾಗ ನನಗೆ ನೆನಪಾದದ್ದು ಇದೇ. ಮಗಳಿಗೆಂದು ಸಾಲ ಮಾಡಿ ಕೊಂಡಿದ್ದೀರಿ, ಕಳುವಾದೀತೆಂದು ಜೋಪಾನ ಮಾಡಿದ್ದೀರಿ. ನಿಮ್ಮ ಪ್ರೀತಿಯ ಬಗ್ಗೆ ನನಗೆ ಲವಲೇಶವೂ ಸಂಶಯವಿಲ್ಲ. ಆದರೆ ವರ್ಷವಿಡೀ ಆ ಕೀಬೋರ್ಡಿನ ಮೇಲೆ ಇದ್ದದ್ದು ಯಾರ ಕೈ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಈಜು ಕಲಿಯುವವಳು ದಡದಲ್ಲಿ ಕೂತು ನೋಟ್ಸ್ ಬರೆದುಕೊಂಡರೆ ನೀರಿಗಿಳಿದ ದಿನ ಮುಳುಗುತ್ತಾಳೆ. ಪ್ರೋಗ್ರಾಮಿಂಗ್ ಕೂಡ ಕೈಯ ವಿದ್ಯೆ. ತಪ್ಪು ಬರೆದು, ಯಂತ್ರದಿಂದ ಬೈಸಿಕೊಂಡು, ಎಲ್ಲಿ ತಪ್ಪಿತೆಂದು ತಾನೇ ಹುಡುಕಿದಾಗ ಮಾತ್ರ ಬರುತ್ತದೆ.

ಕಾಲೇಜಿನ ಲ್ಯಾಬ್ ಈ ಕೊರತೆಯನ್ನು ತುಂಬಬೇಕಿತ್ತು. ಅಲ್ಲೂ ಅದೇ ನಡೆಯುತ್ತಿದೆ. ಒಂದು ಯಂತ್ರಕ್ಕೆ ಎರಡು ಮೂರು ಜನ. ಬರುವವನು ಕೀಬೋರ್ಡ್ ಹಿಡಿಯುತ್ತಾನೆ. ಹುಡುಗಿಯ ಕೈಬರಹ ಚೆಂದ ಎಂದು ರೆಕಾರ್ಡ್ ಅವಳಿಗೆ. ಮುಂದೆ ಪ್ರಾಜೆಕ್ಟ್ ಬಂದಾಗಲೂ ವರದಿ, ಪಿಪಿಟಿ ಅವಳದು, ಕೋಡ್ ಅವನದು. ಎಲ್ಲರಿಗೂ ಅಂಕ ಬರುತ್ತದೆ, ಹಾಗಾಗಿ ಯಾರಿಗೂ ಇದು ಸಮಸ್ಯೆ ಅನ್ನಿಸುವುದಿಲ್ಲ. ನಾಲ್ಕನೇ ವರ್ಷ ಕ್ಯಾಂಪಸ್ ಸಂದರ್ಶನದಲ್ಲಿ ಒಬ್ಬಳೇ ಕೂತು ಪ್ರೋಗ್ರಾಮ್ ಬರೆಯಬೇಕಾದ ದಿನ ಅದರ ಬೆಲೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನದೇ ಲ್ಯಾಬ್‌ನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಹತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಯಾವ ಯಂತ್ರದಲ್ಲಿ ಯಾರ ಕೈ ಇದೆ ಎಂದು ಮೂರು ವಾರ ಗುರುತು ಹಾಕಿದೆ. ಹುಡುಗಿಯರ ಹೆಸರಿನ ಮುಂದೆ ಖಾಲಿ ಜಾಗವೇ ಹೆಚ್ಚಿತ್ತು. ನಾನು ಹೆಂಗಸು, ಅಷ್ಟು ವರ್ಷ ಅದೇ ಕೋಣೆಯಲ್ಲಿ ಓಡಾಡಿದ್ದೆ, ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮುಂದಿನ ವಾರದಿಂದ ಹದಿನೈದು ನಿಮಿಷಕ್ಕೊಮ್ಮೆ ಕುರ್ಚಿ ಬದಲು ಎಂಬ ನಿಯಮ ತಂದೆ. ಒಬ್ಬರು ಟೈಪ್ ಮಾಡಬೇಕು, ಇನ್ನೊಬ್ಬರು ಬಾಯಲ್ಲಿ ಹೇಳಬೇಕು, ಆಮೇಲೆ ಅದಲುಬದಲು. ಮೊದಲ ಎರಡು ವಾರ ಗಲಾಟೆ, ಕೆಲಸ ಮುಗಿಯುವುದಿಲ್ಲ ಎಂಬ ದೂರು. ಮೂರನೇ ವಾರ ಹೋಗುವಷ್ಟರಲ್ಲಿ, ಅದುವರೆಗೆ ದನಿಯೇ ಕೇಳದಿದ್ದ ಹುಡುಗಿಯೊಬ್ಬಳು ‘ಅಲ್ಲಿ ಐ ಸೊನ್ನೆಯಿಂದ ಶುರುವಾಗಬೇಕು ಕಣೋ’ ಎಂದು ಜೊತೆಗಾರನಿಗೆ ಜೋರಾಗಿ ಹೇಳಿದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಹೀಗೆ ಜೋಡಿಯಾಗಿ ಪ್ರೋಗ್ರಾಮ್ ಬರೆಯುವ ಪದ್ಧತಿ ನನ್ನ ಕಲ್ಪನೆಯಲ್ಲ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯದಲ್ಲಿ ಈ ಶತಮಾನದ ಆರಂಭದಲ್ಲೇ ಇದನ್ನು ಪರೀಕ್ಷಿಸಿದ್ದರು. ಜೋಡಿಯಾಗಿ ಬರೆದವರಲ್ಲಿ ಆತ್ಮವಿಶ್ವಾಸ ಹೆಚ್ಚಿತ್ತು, ವಿಷಯವನ್ನು ಬಿಟ್ಟು ಹೋಗುವವರು ಕಡಿಮೆಯಿದ್ದರು.

ಇನ್ನೊಂದು ಗೋಡೆಯೂ ಇದೆ, ಅದನ್ನು ನಾವು ಗೋಡೆ ಎಂದೇ ಕರೆಯುವುದಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಹುಡುಗಿಯರ ಹಾಸ್ಟೆಲಿನ ಗೇಟು ಸಂಜೆ ಬೇಗ ಮುಚ್ಚುತ್ತದೆ. ಹುಡುಗರು ಲ್ಯಾಬ್‌ನಲ್ಲೋ ಗೆಳೆಯರ ಕೋಣೆಯಲ್ಲೋ ರಾತ್ರಿಯವರೆಗೆ ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಕಲಿಯುತ್ತಾರೆ. ದಿನಕ್ಕೆ ಎರಡು ಗಂಟೆ ಎಂದರೂ ಒಂದು ಸೆಮಿಸ್ಟರ್‌ಗೆ ನೂರೈವತ್ತು ಗಂಟೆ ದಾಟುತ್ತದೆ. ಪರೀಕ್ಷೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಈ ಗಂಟೆಗಳ ಪಾಲೂ ಇದೆ.

‘ಹುಡುಗಿಯರ ತಲೆಗೆ ಲಾಜಿಕ್ ಹತ್ತುವುದಿಲ್ಲ’ ಎಂಬ ಮಾತೂ ಅವಳ ಕಿವಿಗೆ ಬಿದ್ದಿರಬಹುದು. ಅವಳಿಗೆ ಎನಿಯಾಕ್ ಯಂತ್ರದ ಕಥೆ ಹೇಳಿ. 1945–46ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಆ ದೈತ್ಯ ಎಲೆಕ್ಟ್ರಾನಿಕ್ ಕಂಪ್ಯೂಟರಿಗೆ ಪ್ರೋಗ್ರಾಮ್ ಮಾಡಲು ನೇಮಕವಾದ ಆರು ಮಂದಿಯೂ ಮಹಿಳೆಯರು. ಪ್ರೋಗ್ರಾಮಿಂಗ್ ಭಾಷೆ ಎಂಬುದೇ ಇರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಹರಡಿಕೊಂಡು ತಾವೇ ಕಲಿತರು. 1946ರ ಫೆಬ್ರವರಿಯ ಸಾರ್ವಜನಿಕ ಪ್ರದರ್ಶನದಲ್ಲಿ ಓಡಿದ ಪ್ರೋಗ್ರಾಮನ್ನು ಬರೆದವರು ಅವರಲ್ಲೇ ಇಬ್ಬರು, ಬೆಟ್ಟಿ ಹೋಲ್ಬರ್ಟನ್ ಮತ್ತು ಜೀನ್ ಬಾರ್ಟಿಕ್. ಅಂದಿನ ಔತಣಕ್ಕೆ ಅವರನ್ನು ಕರೆಯಲಿಲ್ಲ. ಅದೇ ದೇಶದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಶೇ. 37ರಷ್ಟು ಮಹಿಳೆಯರಿದ್ದರು. ಮುಂದೆ ಅದು ಶೇ. 18ರ ಆಸುಪಾಸಿಗೆ ಕುಸಿಯಿತು. ಮನೆಗೆ ತರುವ ಕಂಪ್ಯೂಟರನ್ನು ಗಂಡುಮಕ್ಕಳ ಆಟಿಕೆಯಂತೆ ಮಾರಿದ ಕಾಲವದು. ಒಂದೇ ತಲೆಮಾರಿನಲ್ಲಿ ಹೆಣ್ಣುಮಕ್ಕಳ ಮಿದುಳು ಅರ್ಧಕ್ಕೆ ಇಳಿಯಲು ಸಾಧ್ಯವೇ? ನಮ್ಮ ದೇಶದ ಸಾಫ್ಟ್‌ವೇರ್ ಉದ್ಯಮದಲ್ಲಿ ಇಂದು ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ಮಹಿಳೆಯರೇ. ಮೇಲಿನ ಹುದ್ದೆಗಳಿಗೆ ಹೋದಂತೆ ಸಂಖ್ಯೆ ತೆಳುವಾಗುತ್ತದೆ, ಅದು ನನಗೆ ಬಹಳ ನೋವಿನ ವಿಷಯ. ಆದರೆ ಒಳಗೆ ಹೋಗುವ ಬಾಗಿಲು ಮುಚ್ಚಿಲ್ಲ.

ಇಂಗ್ಲಿಷ್ ಬಗ್ಗೆ ನೀವು ಬರೆದಿಲ್ಲ. ಕನ್ನಡ ಮಾಧ್ಯಮ ಎಂದಿದ್ದರಿಂದ ಹೇಳುತ್ತೇನೆ. ತರಗತಿಯಲ್ಲಿ ಇಂಗ್ಲಿಷ್ ಸರಾಗವಾಗಿ ಮಾತನಾಡುವವನಿಗೆ ಪ್ರೋಗ್ರಾಮಿಂಗ್ ಕೂಡ ಗೊತ್ತು ಎಂಬ ಭ್ರಮೆ ಹುಟ್ಟುತ್ತದೆ. ಸಿ ಭಾಷೆಯ ಮೊದಲ ಪ್ರಮಾಣಿತ ರೂಪದಲ್ಲಿ ಇರುವ ಮೀಸಲು ಪದಗಳು, ಅಂದರೆ ಆ ಭಾಷೆಯೇ ಅರ್ಥ ನಿಗದಿ ಮಾಡಿರುವ ಇಂಗ್ಲಿಷ್ ಮೂಲದ ಪದಗಳು, ಒಟ್ಟು 32. ಅಷ್ಟೇ. ಯೋಚನೆ ಯಾವ ಭಾಷೆಯಲ್ಲೂ ನಡೆಯಬಹುದು. ಪ್ರೋಗ್ರಾಮ್ ಬರೆಯುವ ಮೊದಲು ಹಂತಗಳನ್ನು ಕನ್ನಡದಲ್ಲೇ ಬರೆದುಕೊಳ್ಳಲು ಹೇಳಿ: ‘ಮೊದಲನೆಯದನ್ನು ದೊಡ್ಡದೆಂದು ಇಟ್ಟುಕೋ, ಮುಂದಿನದು ಅದಕ್ಕಿಂತ ದೊಡ್ಡದಿದ್ದರೆ ಬದಲಿಸು, ಮುಗಿಯುವವರೆಗೆ ಹೀಗೆ ಮಾಡು.’ ಇಷ್ಟು ಬಂದರೆ ಅರ್ಧ ಕೆಲಸ ಆದಂತೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡದ ಪಾಠಗಳೂ ಉಚಿತವಾಗಿ ಸಿಗುತ್ತವೆ.

ಎಐ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೈದುನನ ಆತಂಕ ಪೂರ್ತಿ ಆಧಾರವಿಲ್ಲದ್ದಲ್ಲ. ಸರಳ ಪ್ರೋಗ್ರಾಮುಗಳನ್ನು ಈಗ ಯಂತ್ರವೇ ಬರೆಯುತ್ತದೆ, ಹೊಸಬರ ನೇಮಕಾತಿಯಲ್ಲಿ ಹಿಂದಿನ ಭರಾಟೆ ಇಲ್ಲ. ನಾಲ್ಕು ವರ್ಷದ ನಂತರದ ಮಾರುಕಟ್ಟೆಯ ಬಗ್ಗೆ ನಾನು ಭರವಸೆ ಕೊಡಲಾರೆ, ಯಾರಾದರೂ ಕೊಟ್ಟರೆ ನಂಬಬೇಡಿ. ಆದರೆ ಯಂತ್ರ ಬರೆದದ್ದು ಸರಿಯೋ ತಪ್ಪೋ ಎಂದು ಓದಿ ಹೇಳಬಲ್ಲವರು ಬೇಕೇ ಬೇಕು, ಹಾಗೆ ಓದಲು ತಾನೇ ಬರೆದು ಪಳಗಿರಬೇಕು. ಮಗಳಿಗೆ ಒಂದು ಎಚ್ಚರಿಕೆ: ಲ್ಯಾಬಿನ ಪ್ರೋಗ್ರಾಮುಗಳನ್ನು ಎಐಯಿಂದ ಬರೆಸಿಕೊಂಡರೆ, ಮೊದಲೇ ಕಡಿಮೆಯಿದ್ದ ಅಭ್ಯಾಸವೂ ಹೋಗುತ್ತದೆ. ತಾನು ಬರೆದದ್ದು ಏಕೆ ಓಡಲಿಲ್ಲ ಎಂದು ಕೇಳಲು ಬಳಸಲಿ.

ಹೆಣ್ಣುಮಕ್ಕಳ ಸುರಕ್ಷತೆಯ ಬಗ್ಗೆ ನಾದಿನಿಯವರ ಕಾಳಜಿಗೂ ಉತ್ತರವಿದೆ. ಕರ್ನಾಟಕದಲ್ಲಿ ಮಹಿಳೆಯರನ್ನು ರಾತ್ರಿ ಪಾಳಿಯಲ್ಲಿ ದುಡಿಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕು, ವಾಹನ ಮತ್ತು ಭದ್ರತೆಯ ಹೊಣೆ ಸಂಸ್ಥೆಯದು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. 50 ಅಥವಾ ಹೆಚ್ಚು ಮಂದಿ ಇರುವಲ್ಲಿ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಕಡ್ಡಾಯ. ಇವೆಲ್ಲ ಎಲ್ಲ ಕಡೆ ಸರಿಯಾಗಿ ಜಾರಿಯಾಗಿವೆ ಎಂದು ನಾನು ಹೇಳುತ್ತಿಲ್ಲ. ಅಧ್ಯಾಪಕ ವೃತ್ತಿ ನನ್ನದೂ ಹೌದು, ಅದರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಒಂದಕ್ಕೆ ಹೆದರಿ ಇನ್ನೊಂದಕ್ಕೆ ಹೋದವರು ಒಳ್ಳೆಯ ಅಧ್ಯಾಪಕರಾಗುವುದನ್ನು ನಾನು ಕಂಡಿದ್ದು ಕಡಿಮೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಬ್ರಾಂಚ್ ಬದಲಾವಣೆಗೆ ಸಾಮಾನ್ಯವಾಗಿ ಎರಡನೇ ವರ್ಷದ ಆರಂಭದಲ್ಲಿ, ಖಾಲಿ ಸೀಟು ಇದ್ದರೆ ಅವಕಾಶವಿರುತ್ತದೆ. ಆದರೆ ಇಂದು ಎಲೆಕ್ಟ್ರಾನಿಕ್ಸ್ ಇರಲಿ, ಮೆಕ್ಯಾನಿಕಲ್ ಇರಲಿ, ಪ್ರೋಗ್ರಾಮಿಂಗ್ ಇಲ್ಲದ ಇಂಜಿನಿಯರಿಂಗ್ ಇಲ್ಲ. ಕ್ಯಾಂಪಸ್ಸಿಗೆ ಬರುವ ಬಹುಪಾಲು ಕಂಪನಿಗಳೂ ಸಾಫ್ಟ್‌ವೇರಿನವೇ. ಅಲ್ಲಿ ಹೋಗಿ ಅದನ್ನೇ ಕಲಿಯಬೇಕಾಗುತ್ತದೆ, ಕಲಿಸುವವರು ಮಾತ್ರ ಕಡಿಮೆ ಇರುತ್ತಾರೆ. ಸಿವಿಲ್ ಅಥವಾ ಎಲೆಕ್ಟ್ರಾನಿಕ್ಸ್ ಅವಳಿಗೆ ನಿಜವಾಗಿ ಇಷ್ಟವಾಗಿದ್ದರೆ ಆ ಮಾತು ಬೇರೆ. ಸಿ ಭಾಷೆಯ ಭಯಕ್ಕೆ ಬದಲಿಸುವುದು ಬೇಡ.

ಬಿಡಿಸಿ ಬಿ.ಎಸ್ಸಿಗೆ ಸೇರಿಸಿದರೆ ಒಂದು ವರ್ಷವೂ ಕಟ್ಟಿದ ಹಣವೂ ಹೋಗುತ್ತವೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ ‘ನನ್ನಿಂದ ಆಗಲಿಲ್ಲ’ ಎಂಬ ತೀರ್ಪು ಅವಳೊಳಗೆ ಉಳಿಯುವುದು. ಇದಕ್ಕೆ ಒಂದೇ ಅಪವಾದ: ಅವಳು ಊಟ, ನಿದ್ರೆ ಬಿಟ್ಟಿದ್ದರೆ, ಬದುಕೇ ಬೇಡ ಎಂಬಂತೆ ಮಾತನಾಡುತ್ತಿದ್ದರೆ, ಅಂಕಗಳ ಮಾತನ್ನು ಪಕ್ಕಕ್ಕಿಟ್ಟು ಇವತ್ತೇ ಹೋಗಿ ಕರೆದುಕೊಂಡು ಬನ್ನಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ಒಂದು ಸೆಮಿಸ್ಟರ್ ಹೋದರೆ ಮತ್ತೆ ಬರುತ್ತದೆ.

ಮೂರನೆಯದು ಮುಂದುವರಿಸುವುದು. ನನ್ನ ಸಲಹೆ ಇದೇ. ಇದರಲ್ಲೂ ಅಪಾಯವಿದೆ, ಮುಚ್ಚಿಡುವುದಿಲ್ಲ. ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್, ಅಂದರೆ ಮಾಹಿತಿಯನ್ನು ಜೋಡಿಸಿಡುವ ವಿಧಾನಗಳ ಪಾಠ ಬರುತ್ತದೆ. ಸಿ ಭಾಷೆಯ ಪಾಯಿಂಟರುಗಳು (ಮಾಹಿತಿ ಯಂತ್ರದ ಮೆಮೊರಿಯಲ್ಲಿ ಎಲ್ಲಿದೆ ಎಂದು ತೋರಿಸುವ ವಿಳಾಸಗಳು) ಅರ್ಥವಾಗದೆ ಅಲ್ಲಿಗೆ ಹೋದರೆ ಆ ವಿಷಯವೂ ಕೆಡುತ್ತದೆ, ಬ್ಯಾಕ್‌ಲಾಗ್ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಹಾಗಾಗಿ ಈಗಿನಿಂದ ಮೂರನೇ ಸೆಮಿಸ್ಟರ್ ಆರಂಭವಾಗುವವರೆಗಿನ ದಿನಗಳು ಅಮೂಲ್ಯ. ದಿನಕ್ಕೆ ಒಂದೂವರೆ ಗಂಟೆ, ಭಾನುವಾರವೂ ಸೇರಿ, ಅವಳ ಕೈ ಕೀಬೋರ್ಡಿನ ಮೇಲಿರಬೇಕು. ನಕಲು ಬೇಡ. ಮೊದಲ ಸೆಮಿಸ್ಟರಿನ ಲ್ಯಾಬ್ ಪ್ರೋಗ್ರಾಮುಗಳನ್ನೇ ರೆಕಾರ್ಡ್ ಮುಚ್ಚಿಟ್ಟು ಒಂದೊಂದಾಗಿ ಬರೆಯಲಿ. ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ: ಯಂತ್ರ ಏನೆಂದಿತು, ನಿಜವಾದ ಕಾರಣ ಏನಿತ್ತು. ಹದಿಮೂರನೇ ಸಾಲಿನಲ್ಲಿ ಸೆಮಿಕೋಲನ್ ಬಿಟ್ಟರೆ ಯಂತ್ರ ಹದಿನಾಲ್ಕನೇ ಸಾಲನ್ನು ದೂರಬಹುದು. ಇಂಥದ್ದನ್ನು ಯಾರೂ ಪಾಠದಲ್ಲಿ ಹೇಳುವುದಿಲ್ಲ. ಐವತ್ತು ತಪ್ಪುಗಳು ತುಂಬುವಷ್ಟರಲ್ಲಿ ಅವಳ ಭಯ ಇಳಿದಿರುತ್ತದೆ. ನನ್ನ ವಿದ್ಯಾರ್ಥಿನಿಯರ ಇಂಥ ನೋಟ್‌ಬುಕ್ಕುಗಳನ್ನು ಎಷ್ಟೋ ನೋಡಿದ್ದೇನೆ, ಕೊನೆಯ ಪುಟಗಳ ಬರಹವೇ ಬೇರೆ ಆಗಿರುತ್ತದೆ.

ದೊಡ್ಡವರ ಉದಾಹರಣೆ ಕೊಟ್ಟು ಹುರಿದುಂಬಿಸಲು ಹೋಗಬೇಡಿ. 1968ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ಸುಧಾ ಮೂರ್ತಿಯವರ ಹೆಸರನ್ನು ನಿಮ್ಮ ಮನೆಯಲ್ಲಿ ಈಗಾಗಲೇ ಹತ್ತು ಸಲ ಹೇಳಿರುತ್ತಾರೆ. ಅವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಅಳುತ್ತಿರುವ ಹುಡುಗಿಗೆ ಅಷ್ಟು ಎತ್ತರದ ಹೆಸರು ಭಾರವಾಗುತ್ತದೆ. ಅವಳಿಗೆ ಬೇಕಾಗಿರುವುದು, ಹೋದ ವರ್ಷ ಇದೇ ವಿಷಯದಲ್ಲಿ ತಿಣುಕಾಡಿ ಈಗ ದಾಟಿಕೊಂಡಿರುವ ಎರಡನೇ ವರ್ಷದ ಹುಡುಗಿ. ಹಾಸ್ಟೆಲಿನಲ್ಲೇ ಇರುತ್ತಾಳೆ, ಹುಡುಕಲು ಹೇಳಿ.

ಕಾಲೇಜಿನವರೊಂದಿಗೂ ಮಾತನಾಡಿ. ವಿಭಾಗದ ಮುಖ್ಯಸ್ಥರನ್ನು ಕಂಡು, ದೂರಿನ ದನಿಯಲ್ಲಿ ಅಲ್ಲ, ಮೂರು ವಿಷಯ ಕೇಳಿ: ಲ್ಯಾಬ್‌ನಲ್ಲಿ ಸರದಿಯ ಮೇಲೆ ಕೀಬೋರ್ಡ್ ಸಿಗಲಿ, ರೆಕಾರ್ಡ್ ಪ್ರತಿಯೊಬ್ಬರೂ ತಮ್ಮದನ್ನು ತಾವೇ ಬರೆಯಲಿ, ಹಾಸ್ಟೆಲಿನೊಳಗೆ ರಾತ್ರಿ ಊಟದ ನಂತರ ಕೂತು ಕೆಲಸ ಮಾಡಲು ವೈ-ಫೈ ಇರುವ ಒಂದು ಕೋಣೆ ಸಿಗಲಿ. ಯಾವುದಕ್ಕೂ ಹೆಚ್ಚು ದುಡ್ಡು ಬೇಡ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನದ ಬಗ್ಗೆಯೂ ಅಲ್ಲೇ ವಿಚಾರಿಸಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ ಕೊಡುವ ಯೋಜನೆ ಅದು. ಅರ್ಜಿ ಹಾಕಿಲ್ಲವಾದರೆ ಅವಳಿಗೆ ಇನ್ನೂ ಅವಕಾಶ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ನಿಮ್ಮಿಂದ ತಪ್ಪಾಯಿತೇ ಎಂದು ಕೇಳಿದ್ದೀರಿ. ಹಳ್ಳಿಯಿಂದ ಮಗಳನ್ನು ಇಲ್ಲಿಯವರೆಗೆ ಓದಿಸಿದ್ದೀರಿ, ಅವಳ ಅಳುವನ್ನು ಕೇಳಿಸಿಕೊಂಡು ಅಪರಿಚಿತಳಾದ ನನಗೆ ಪತ್ರ ಬರೆದಿದ್ದೀರಿ. ಅದನ್ನು ತಪ್ಪು ಎಂದು ಕರೆಯಲು ನನ್ನಿಂದಾಗದು. ಮಗನಿಗೆ ಮಾತ್ರ ವಿಷಯ ಬಿಡಿಸಿ ಹೇಳಿ. ಅವನಿಗೂ ಕಂಪ್ಯೂಟರ್ ಬೇಕಾಗಿರಬಹುದು, ಅದಕ್ಕೆ ಬೇರೆ ದಾರಿ ಯೋಚಿಸೋಣ. ಈ ಯಂತ್ರ ತಂಗಿಯದೋ ಅಕ್ಕನದೋ ಎಂದು ಅವನೇ ಹೋಗಿ ಹಾಸ್ಟೆಲಿಗೆ ಕೊಟ್ಟು ಬಂದರೆ ಅವಳಿಗೆ ಆಗುವ ಸಮಾಧಾನವೇ ಬೇರೆ. ಕಳ್ಳತನದ ಭಯಕ್ಕೆ, ಲ್ಯಾಪ್‌ಟಾಪನ್ನು ಮೇಜಿನ ಕಾಲಿಗೆ ಬಿಗಿಯುವ ಕೇಬಲ್ ಬೀಗ ಅಂಗಡಿಯಲ್ಲಿ ಸಿಗುತ್ತದೆ. ಜೊತೆಗೆ ಉದ್ದ ವಯರಿನ ಒಂದು ಎಕ್ಸ್‌ಟೆನ್ಶನ್ ಬಾಕ್ಸನ್ನೂ ಕಳುಹಿಸಿ. ಹಾಸ್ಟೆಲ್ ಕೋಣೆಗಳಲ್ಲಿ ಪ್ಲಗ್ ಯಾವಾಗಲೂ ಮಂಚದಿಂದ ದೂರದ ಗೋಡೆಯಲ್ಲಿರುತ್ತದೆ.